ಒಬ್ಬನೇ ನುಡಿಸಿದ ಮೇಳ

'ನಿತ್ಯೋತ್ಸವ' ಯಾರ ಹಾಡು? ಕನ್ನಡ ಎಂ.ಎ. ಓದಿದವರು ಕೆ.ಎಸ್. ನಿಸಾರ್ ಅಹಮದ್ ಅವರದು ಎನ್ನುತ್ತಾರೆ. ಸುಗಮ ಸಂಗೀತ ಕಲಿತವರು ಮೈಸೂರು ಅನಂತಸ್ವಾಮಿಯವರದು ಎನ್ನುತ್ತಾರೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಅದನ್ನು ಹಾಡಿದ ಹುಡುಗಿಗೆ ಈ ಪ್ರಶ್ನೆಯೇ ಅರ್ಥವಾಗುವುದಿಲ್ಲ. 1978ರಲ್ಲಿ ಆ ಹೆಸರಿನ ಧ್ವನಿಸುರುಳಿ ಬಂದಾಗ ಕವಿ ಒಬ್ಬರು, ರಾಗ ಹಾಕಿದವರು ಮತ್ತೊಬ್ಬರು, ತಬಲದ ಮುಂದೆ ಕೂತವರು ಇನ್ನೊಬ್ಬರು. ನಮ್ಮ ಸುಗಮ ಸಂಗೀತ ಹುಟ್ಟಿದ್ದೇ ಈ ಹಂಚಿಕೆಯಲ್ಲಿ. ಕವಿತೆಯನ್ನು ಒಬ್ಬರು ಬರೆದು ಬಿಟ್ಟುಕೊಡುತ್ತಾರೆ, ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಬಿಟ್ಟುಕೊಟ್ಟದ್ದು ಹೇಗೆ ವಾಪಸು ಬರುತ್ತದೆ ಎಂಬುದು ಕವಿಯ ಕೈಯಲ್ಲಿರುವುದಿಲ್ಲ.

ಇದಕ್ಕೆ ಪೂರಾ ಎದುರಾದ ಒಂದು ಆಸೆ ಪಾಪ್ ಸಂಗೀತದಲ್ಲಿದೆ. ಹಾಡು ನಾನೇ ಬರೆಯುತ್ತೇನೆ, ನಾನೇ ಹಾಡುತ್ತೇನೆ, ಗಿಟಾರ್, ಬೇಸ್, ಪಿಯಾನೊ, ಡ್ರಮ್ಸ್ ಎಲ್ಲವನ್ನೂ ನಾನೇ ನುಡಿಸುತ್ತೇನೆ. ಪವರ್ ಪಾಪ್ ಎಂದು ಕರೆಸಿಕೊಳ್ಳುವ ಧಾರೆಯಲ್ಲಿ, ಎಂದರೆ ಬೀಟಲ್ಸ್ ದಾರಿಯಲ್ಲಿ ಮೂರು ನಿಮಿಷಕ್ಕೆ ಮುಗಿಯುವ, ಗಿಟಾರ್ ಗಟ್ಟಿಯಾಗಿರುವ, ರಾಗ ಬಾಯಿಗೆ ಸಿಗುವ ಹಾಡುಗಳಲ್ಲಿ, ಈ ಆಸೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ವಯಸ್ಸಾದ ಹಾಡುಗಾರರಿಗಂತೂ ಹೆಚ್ಚು. ಪಾಲ್ ಮೆಕಾರ್ಟ್ನಿ 2020ರ ಡಿಸೆಂಬರ್‌ನಲ್ಲಿ, 78ರ ವಯಸ್ಸಿನಲ್ಲಿ, ಹೆಚ್ಚುಕಡಿಮೆ ಎಲ್ಲ ವಾದ್ಯವನ್ನೂ ತಾನೇ ನುಡಿಸಿದ 'ಮೆಕಾರ್ಟ್ನಿ III' ತಂದರು. ಲಾಕ್‌ಡೌನ್ ಕಾಲದ ಕೆಲಸ ಅದು. 1970ರ ಮೊದಲನೆಯ 'ಮೆಕಾರ್ಟ್ನಿ' ಬೀಟಲ್ಸ್ ಒಡೆಯುತ್ತಿದ್ದಾಗ ಬಂದದ್ದು. ಅದರಲ್ಲೂ ಜೊತೆದನಿಗೆ ಹೆಂಡತಿ ಲಿಂಡಾ ಇದ್ದರು ಎನ್ನುವುದನ್ನು ಅಭಿಮಾನಿಗಳು ಸಾಮಾನ್ಯವಾಗಿ ಮರೆತುಬಿಡುತ್ತಾರೆ.

ನನ್ನನ್ನು ಹೆಚ್ಚು ಕಾಡುವುದು ಮೆಕಾರ್ಟ್ನಿಯಲ್ಲ, ಎಮಿಟ್ ರೋಡ್ಸ್. ಅದೇ 1970ರಲ್ಲಿ, ಇಪ್ಪತ್ತರ ಈ ಹುಡುಗ ಕ್ಯಾಲಿಫೋರ್ನಿಯಾದ ಹಾಥಾರ್ನ್‌ನಲ್ಲಿ ಅಪ್ಪ ಅಮ್ಮನ ಮನೆಯ ಹಿಂದಿನ ಶೆಡ್ಡಿನಲ್ಲಿ ರೆಕಾರ್ಡಿಂಗ್ ಯಂತ್ರವಿಟ್ಟುಕೊಂಡು ಇಡೀ ಆಲ್ಬಮ್ ಒಬ್ಬನೇ ಮಾಡಿದ. ಜನ ಮೆಚ್ಚಿದರು. ಆದರೆ ಕಂಪನಿಯ ಒಪ್ಪಂದ ಆರು ತಿಂಗಳಿಗೊಂದು ಆಲ್ಬಮ್ ಕೇಳುತ್ತಿತ್ತು. ನಾಲ್ಕು ಜನರ ಬ್ಯಾಂಡಿಗೇ ಕಷ್ಟವಾದ ಆ ಲೆಕ್ಕ, ಎಲ್ಲವನ್ನೂ ಒಂದೊಂದಾಗಿ ತಾನೇ ನುಡಿಸುವವನಿಗೆ ಹೇಗೆ ಹೊಂದೀತು? ತಡವಾಯಿತು, ಕಂಪನಿ ಮೊಕದ್ದಮೆ ಹೂಡಿತು. 1973ರ ಮೂರನೆಯ ಆಲ್ಬಮ್ ಆದ ಮೇಲೆ ರೋಡ್ಸ್ ಹಾಡುಗಾರನಾಗಿ ಸುಮ್ಮನಾದ. ಸ್ವಂತದ ಹೊಸ ಆಲ್ಬಮ್ ಮತ್ತೆ ಬಂದದ್ದು 43 ವರ್ಷಗಳ ನಂತರ.

ಒಬ್ಬನೇ ಮಾಡುವುದರಲ್ಲಿ ಅಹಂಕಾರವಿದೆ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಅದರ ಪರವಾಗಿ ಒಂದು ಗಟ್ಟಿಯಾದ ನೈತಿಕ ಮಾತಿದೆ. ಸ್ಟುಡಿಯೊಗೆ ಗಂಟೆಯ ಲೆಕ್ಕದಲ್ಲಿ ಬಂದು ನುಡಿಸಿ ಹೋಗುವವರ ಹೆಸರು ಎಷ್ಟು ಕಡೆ ಅಚ್ಚಾಗುತ್ತದೆ? ನಮ್ಮ ಹಳೆಯ ಸಿನಿಮಾ ಹಾಡುಗಳಲ್ಲಿ ಕೊಳಲಿನ ಆ ಎರಡು ಸಾಲನ್ನು ನಾವು ಜೀವಮಾನವೆಲ್ಲ ಗುನುಗುತ್ತೇವೆ, ನುಡಿಸಿದವರು ಯಾರೆಂದು ಗೊತ್ತಿಲ್ಲ. ಒಬ್ಬನೇ ನುಡಿಸಿದ ಆಲ್ಬಮ್ಮಿನಲ್ಲಿ ಹೆಸರಿಲ್ಲದ ದುಡಿಮೆ ಕಡಿಮೆ. ತನ್ನ ಹಟದ ಬೆಲೆಯನ್ನು ತಾನೇ ತೆರುತ್ತಾನೆ, ಇನ್ನೊಬ್ಬನನ್ನು ಹತ್ತು ಸಲ ನುಡಿಸು ಎಂದು ಗದರಿಸುವುದಿಲ್ಲ. (ಗಿಟಾರ್ ಮಾಡಿದ ಬಡಗಿ ಇಲ್ಲವೇ, ತಂತಿ ಎಳೆದವನಿಲ್ಲವೇ ಎಂಬ ವಾದ ನನಗೆ ಗೊತ್ತು. ಹಾಗೆ ಹೊರಟರೆ ಯಾವ ಪ್ರಶ್ನೆಯೂ ಉಳಿಯುವುದಿಲ್ಲ.)

ಹಾಗಾದರೆ ಕೊರತೆ ಎಲ್ಲಿ? ಕೆಲಸ ನಡೆಯುವ ರೀತಿಯನ್ನೇ ನೋಡಿ. ಮೊದಲು ಒಂದು ವಾದ್ಯ ನುಡಿಸಿ ಟೇಪಿಗಿಳಿಸುತ್ತಾನೆ. ಆಮೇಲೆ ಅದನ್ನು ಕೇಳುತ್ತಾ ಎರಡನೆಯದು, ಎರಡನ್ನೂ ಕೇಳುತ್ತಾ ಮೂರನೆಯದು. ಬೇಸ್ ನುಡಿಸುವವನು ಡ್ರಮ್ಸ್ ಕೇಳಿಸಿಕೊಳ್ಳುತ್ತಾನೆ. ಆದರೆ ಡ್ರಮ್ಸ್ ನುಡಿಸಿದವನು ಬೇಸನ್ನು ಕೇಳಿಲ್ಲ, ಕೇಳುವಂತೆಯೂ ಇಲ್ಲ. ಅವನು ನಿನ್ನೆಯೇ ನುಡಿಸಿ ಎದ್ದು ಹೋಗಿದ್ದಾನೆ. ಕೇಳುವಿಕೆ ಒಂದೇ ದಿಕ್ಕಿನದು. ಕಛೇರಿಯಲ್ಲಿ ಹೀಗಲ್ಲ. ಗಾಯಕಿ ಒಂದು ಸಂಗತಿ ಹಾಕುತ್ತಾಳೆ, ಪಿಟೀಲು ಅದನ್ನು ಹಿಡಿದು ತುಸು ಬಾಗಿಸಿ ಹಿಂದಿರುಗಿಸುತ್ತದೆ, ಆ ಬಾಗು ಕೇಳಿ ಆಕೆಯ ಮುಂದಿನ ಸಂಗತಿ ಬೇರೆಯಾಗುತ್ತದೆ. ಮೃದಂಗದವರು ಅಲ್ಲೊಂದು ಕಡೆ ಕೈ ತಡೆದರೆ ಆ ಮೌನವೂ ಒಂದು ಉತ್ತರ. ಪಕ್ಕವಾದ್ಯ ಎಂಬ ಹೆಸರು ಸ್ವಲ್ಪ ಅನ್ಯಾಯದ್ದೇ. ಪಕ್ಕದಲ್ಲಿ ಕೂತವರು ನಡುವಿನವರನ್ನು ಬದಲಿಸುತ್ತಿರುತ್ತಾರೆ.

ಬದಲಿಸಬಲ್ಲವರು ಗೆಳೆಯರೇ ಆಗಬೇಕಿಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಬೆಳಿಗ್ಗೆ ಹೋದವರಿಗೆ ಇದು ಗೊತ್ತು. 1927ರಲ್ಲಿ ಕಟ್ಟಿದ ಆ ಕಟ್ಟಡದ ಒಳಗೂ ಹೊರಗಿನ ಚೌಕದಲ್ಲೂ ವ್ಯಾಪಾರಿಗಳು ದಖ್ಖನಿ, ತಮಿಳು, ಕನ್ನಡದಲ್ಲಿ ಬೆಲೆ ಕೂಗುತ್ತಿರುತ್ತಾರೆ. ಪ್ರತಿಯೊಬ್ಬನ ಕೂಗೂ ಅವನ ಸ್ವಂತದ್ದು, ಅವನ ಸರಕಿನದು. ಸ್ವಲ್ಪ ಹೊತ್ತು ನಿಂತು ಕೇಳಿ. ಟೊಮೇಟೊದವನು ಉಸಿರೆಳೆದುಕೊಳ್ಳುವ ಸಂದಿಯಲ್ಲಿ ಸೊಪ್ಪಿನವಳ ದನಿ ಏಳುತ್ತದೆ. ಅವನು ತಗ್ಗಿದರೆ ಇವಳು ಏರುತ್ತಾಳೆ. ಇಬ್ಬರೂ ಒಂದೇ ಗಿರಾಕಿಗಾಗಿ ಪೈಪೋಟಿ ಮಾಡುತ್ತಿದ್ದಾರೆ, ಆದರೂ ಒಬ್ಬರ ಲಯ ಇನ್ನೊಬ್ಬರಿಂದ ಬಂದದ್ದು. ಅವನ ಕೂಗನ್ನಷ್ಟೇ ಬೇರ್ಪಡಿಸಿ ಕೋಣೆಯಲ್ಲಿ ಕೂತು ಕೇಳಿದರೆ ಅದರ ನಿಲುಗಡೆಗಳು ವಿಚಿತ್ರವಾಗಿ ಕೇಳಿಸುತ್ತವೆ. ಯಾಕೆ ಅಲ್ಲಿ ನಿಂತ ಎಂಬುದಕ್ಕೆ ಕಾರಣ ಆ ಧ್ವನಿಯೊಳಗೆ ಇಲ್ಲ.

ಬೆಂಗಳೂರಿನಲ್ಲೇ ಹುಟ್ಟಿದ, ಮನೆತನದಿಂದ ಕೊಡಗಿನವರಾದ ಬಿದ್ದು ಅಪ್ಪಯ್ಯ ಇನ್ನೊಂದು ತುದಿ. ಅರವತ್ತರ ದಶಕದಲ್ಲಿ ಇಲ್ಲಿ 'ಟ್ರೋಜನ್ಸ್' ಬ್ಯಾಂಡಿನಲ್ಲಿ ಹಾಡಿಕೊಂಡಿದ್ದ ಹುಡುಗ ಲಂಡನ್ನಿಗೆ ಹೋಗಿ ಹೆಸರು ಮಾಡಿದ್ದು ಬೇರೆಯವರ ದನಿಗಳಿಂದ. 1974ರಲ್ಲಿ ಕಾರ್ಲ್ ಡಗ್ಲಸ್, 1980ರಲ್ಲಿ ನಾಜಿಯಾ ಹಸನ್, 1995ರಲ್ಲಿ ಅಲೀಶಾ ಚಿನಾಯ್. ಈ ಹಾಡುಗಳನ್ನು ಬಲ್ಲ ಎಷ್ಟೋ ಜನರಿಗೆ ಬಿದ್ದು ಎಂಬ ಹೆಸರೇ ಗೊತ್ತಿಲ್ಲ. ಅವರು ಕಳೆದುಕೊಂಡದ್ದೇನಾದರೂ ಇದೆಯೇ? ಹೆಸರಿನ ಲೆಕ್ಕದಲ್ಲಿ ಇದೆ. ಆದರೆ ಹದಿಹರೆಯದ ನಾಜಿಯಾಳ ಆ ದನಿ ಮೈಕಿನ ಮುಂದೆ ಬರುವ ತನಕ, 'ಕುರ್ಬಾನಿ'ಯ ಆ ಹಾಡು ಹೇಗೆ ಕೇಳಿಸುತ್ತದೆಂದು ಅವರಿಗೂ ಪೂರ್ತಿ ತಿಳಿದಿರಲಾರದು ಎಂದು ನನ್ನ ಊಹೆ. ಬರೆದವನಿಗೇ ತನ್ನ ಹಾಡು ಹೊಸದಾಗಿ ಸಿಗುವ ಸುಖ ಅದು. ಎಲ್ಲವನ್ನೂ ತಾನೇ ನುಡಿಸುವವನಿಗೆ ಅದು ದುರ್ಲಭ.

ಪಿಎಚ್.ಡಿ. ಮಾಡುತ್ತಿರುವ ನನಗೆ ಇದು ಬರೀ ಸಂಗೀತದ ಪ್ರಶ್ನೆಯಲ್ಲ. ಮಹಾಪ್ರಬಂಧದ ಮೊದಲ ಹಾಳೆಗಳಲ್ಲಿ ಒಂದು ಘೋಷಣೆ ಇರುತ್ತದೆ: ಇದು ನನ್ನ ಸ್ವಂತ ಕೃತಿ. ಸಹಿ ಹಾಕಲು ಜಾಗ ಒಬ್ಬರಿಗೆ. ಅದರ ಹಿಂದೆಯೇ ಕೃತಜ್ಞತೆಗಳ ಪುಟ ಬರುತ್ತದೆ, ಅಲ್ಲಿ ಹೆಸರುಗಳ ಜಾತ್ರೆ. ಎರಡು ಪುಟಗಳೂ ಸುಳ್ಳಲ್ಲ. ಹೊಣೆ ನನ್ನದು ಎನ್ನುವ ಅರ್ಥದಲ್ಲಿ ಮೊದಲನೆಯದು ನಿಜ. ಆದರೆ ಕೃತಜ್ಞತೆಯ ಪುಟದಲ್ಲಿ ನಾವು ಸಹಾಯ ಮಾಡಿದವರನ್ನು ನೆನೆಯುತ್ತೇವೆ, ಅಡ್ಡ ಬಂದವರನ್ನು ನೆನೆಯುವುದಿಲ್ಲ. 'ಈ ಅಧ್ಯಾಯ ನನಗೆ ಅರ್ಥವಾಗಲಿಲ್ಲ' ಎಂದ ಗೆಳತಿಯ ಒಂದು ಮಾತಿಗೆ ಮೂರು ತಿಂಗಳ ಬರಹ ತಿರುಗಿ ನಿಲ್ಲುತ್ತದೆ. ಆಕೆ ನನಗೆ ಒಂದು ವಾಕ್ಯವನ್ನೂ ಕೊಟ್ಟಿರುವುದಿಲ್ಲ. ಆ ಋಣವನ್ನು ಯಾವ ಪುಟದಲ್ಲಿ ಬರೆಯುವುದು? ದಾಸರು ಕೀರ್ತನೆಯ ಕೊನೆಗೆ ಅಂಕಿತ ಹಾಕಿ ಹಾಡನ್ನು ಊರಿಗೇ ಬಿಟ್ಟರು. ಅಂಕಿತ ಉಳಿಯಿತು, ಮಟ್ಟು ಹಾಡಿದವರ ಬಾಯಲ್ಲಿ ಬದಲಾಗುತ್ತಾ ಬಂತು. ಹೊಣೆ ಹೊರುವುದೂ ಬಿಟ್ಟುಕೊಡುವುದೂ ಒಟ್ಟಿಗೇ ಆಗಬಹುದು ಎಂಬುದಕ್ಕೆ ನನಗೆ ಸದ್ಯ ಸಿಗುವ ಒಳ್ಳೆಯ ಉದಾಹರಣೆ ಇದೇ.

ರೋಡ್ಸ್ 2016ರಲ್ಲಿ 'ರೇನ್‌ಬೋ ಎಂಡ್ಸ್' ತಂದಾಗ, ಹಿಂದೆ 'ಒನ್ ಮ್ಯಾನ್ ಬೀಟಲ್ಸ್' ಎಂದು ಕರೆಸಿಕೊಂಡಿದ್ದ ಆತ ಎಲ್ಲವನ್ನೂ ತಾನೇ ನುಡಿಸಲಿಲ್ಲ. ಕ್ರಿಸ್ ಪ್ರೈಸ್ ಎಂಬ ತರುಣ ನಿರ್ಮಾಪಕನಾದ. ಜೇಸನ್ ಫಾಕ್ನರ್, ರೋಜರ್ ಮ್ಯಾನಿಂಗ್ ಮೊದಲಾದವರು ಬಂದರು. ಇವರು 1970ರ ಆ ಒಂಟಿ ಆಲ್ಬಮ್ಮನ್ನು ಕೇಳಿ ಬೆಳೆದ ಪೀಳಿಗೆಯವರು. ಶೆಡ್ಡಿನಲ್ಲಿ ನುಡಿಸಿದ ಡ್ರಮ್ಸಿಗೆ ಉತ್ತರ ಬಂದದ್ದು ಹೀಗೆ, ಇಷ್ಟು ತಡವಾಗಿ. ಹಾಡುಗಳು ಮೊದಲಿನಷ್ಟು ಚುರುಕಾಗಿಲ್ಲ, ದನಿ ಒರಟಾಗಿದೆ. ನನಗೆ ಇದೇ ಹೆಚ್ಚು ಇಷ್ಟ. 2020ರ ಜುಲೈನಲ್ಲಿ ರೋಡ್ಸ್ ತೀರಿಕೊಂಡರು. 'ಮೆಕಾರ್ಟ್ನಿ III' ಬರಲು ಆಗ ಇನ್ನೂ ಐದು ತಿಂಗಳಿತ್ತು.