ಚಿತ್ರಕ್ಕಿಂತ ಮೊದಲು ಜಾಗ

ಕ್ಯಾಮೆರಾದಿಂದ ಮೊದಲ ಚಿತ್ರ ಬರುವುದಕ್ಕೆ ಮುಂಚೆಯೇ, ಅದನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ಒಂದು ಸಂಖ್ಯೆ ಹೇಳಬೇಕಾಗುತ್ತದೆ: ಒಂದು ಚಿತ್ರ ಹಿಡಿಸಲು ಎಷ್ಟು ಬೈಟ್ ಬೇಕು? ಲಿನಕ್ಸ್‌ನಲ್ಲಿ ವಿಡಿಯೊ ಸೆರೆಹಿಡಿಯುವ ವ್ಯವಸ್ಥೆಯಾದ ವಿ4ಎಲ್2ನಲ್ಲಿ ಈ ಸಂಖ್ಯೆಗೆ ಸೈಜ್‌ಇಮೇಜ್ ಎಂದು ಹೆಸರು. ಮೆಮೊರಿಯಲ್ಲಿ ಬಫರ್ ಕಾದಿರಿಸುವುದು, ಅದರ ವಿಳಾಸವನ್ನು ಹಾರ್ಡ್‌ವೇರ್‌ಗೆ ಒಪ್ಪಿಸುವುದು, ಮುಂದಿನ ಕೆಲಸವೆಲ್ಲ ಇದನ್ನೇ ನಂಬಿ ನಡೆಯುತ್ತದೆ. ಮಸೂರದ ಮುಂದೆ ಏನಿದೆ ಎಂದು ಯಾರಿಗೂ ತಿಳಿಯದ ಹೊತ್ತಿನಲ್ಲಿ ಕೊಡಬೇಕಾದ ಮಾತು ಅದು. ನೋಡುವುದಕ್ಕೆ ಎಷ್ಟು ಜಾಗ ಬೇಕೆಂದು ನೋಡುವ ಮೊದಲೇ ಹೇಳುವುದು ಹೇಗೆ ಸಾಧ್ಯ ಎಂದು ಯೋಚಿಸುತ್ತಾ ಹೋದರೆ, ಸಣ್ಣದೊಂದು ಗುಣಾಕಾರದೊಳಗೆ ಯಾರು ಯಾರೆಲ್ಲ ಇದ್ದಾರೆ ಎಂಬುದು ಒಂದೊಂದಾಗಿ ಕಾಣತೊಡಗುತ್ತದೆ.

ವೆಬ್‌ಕ್ಯಾಮ್‌ಗಳಲ್ಲಿ ಬಳಕೆಯಲ್ಲಿರುವ ವೈಯುವೈವಿ ಎಂಬ ನಮೂನೆಯನ್ನೇ ನೋಡೋಣ. ಪಿಕ್ಸೆಲ್ ಒಂದಕ್ಕೆ 2 ಬೈಟ್. ಅಗಲ 640, ಎತ್ತರ 480 ಆದರೆ 614400 ಬೈಟ್. ಎದುರಿಗೆ ದೀಪವಾರಿಸಿದ ಕೋಣೆಯಿದ್ದರೂ ಅಷ್ಟೇ, ಜನ ಕಿಕ್ಕಿರಿದ ರಥಬೀದಿಯಿದ್ದರೂ ಅಷ್ಟೇ. ಖಾಲಿ ಗೋಡೆಯ ಒಂದು ಚುಕ್ಕೆಗೂ ಮಗುವಿನ ಕಣ್ಣಂಚಿನ ಒಂದು ಚುಕ್ಕೆಗೂ ಸಮಪಾಲು. ಯಾವುದು ಮುಖ್ಯ ಎಂದು ನಿರ್ಧರಿಸುವ ಕೆಲಸವನ್ನು ಈ ಲೆಕ್ಕ ಮೈಮೇಲೆ ಎಳೆದುಕೊಳ್ಳುವುದೇ ಇಲ್ಲ. ನನಗೆ ಇದರಲ್ಲಿ ದೊಡ್ಡ ಘನತೆ ಕಾಣುತ್ತದೆ.

ಆದರೆ ಕೆಂಪು, ಹಸಿರು, ನೀಲಿ ಸೇರಿ 3 ಬೈಟ್ ಆಗಬೇಕಾದದ್ದು 2 ಹೇಗಾಯಿತು? ಬೆಳಕಿನ ಪ್ರಮಾಣವನ್ನು ಪ್ರತಿ ಪಿಕ್ಸೆಲ್‌ಗೂ ಬೇರೆಯಾಗಿ ಬರೆದು, ಬಣ್ಣದ ಎರಡು ಬೈಟ್‌ಗಳನ್ನು ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳು ಹಂಚಿಕೊಂಡಿರುತ್ತವೆ. ಎನ್‌ವಿ12 ನಮೂನೆಯಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಜೋಡಿ ಬಣ್ಣ, ಅಂದರೆ ಪಿಕ್ಸೆಲ್‌ಗೆ ಸರಾಸರಿ ಒಂದೂವರೆ ಬೈಟ್. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಸೂಕ್ಷ್ಮವಾಗಿ ಹಿಡಿಯುತ್ತದೆ, ಬಣ್ಣದ ಸೂಕ್ಷ್ಮಗಳಲ್ಲಿ ಅಷ್ಟು ಚುರುಕಲ್ಲ. ಅಮೆರಿಕದಲ್ಲಿ 1953ರಲ್ಲಿ ಒಪ್ಪಿಗೆ ಪಡೆದ ಬಣ್ಣದ ಟಿವಿ ಪದ್ಧತಿಯೂ ಇದನ್ನೇ ನೆಚ್ಚಿ ಬಣ್ಣಕ್ಕೆ ಕಿರಿದಾದ ದಾರಿ ಬಿಟ್ಟಿತ್ತು. ಹಾಗಾಗಿ ಡ್ರೈವರ್‌ನ ಕೋಡ್‌ನಲ್ಲಿ 3/2 ಎಂದು ಕಂಡಾಗ ಅದು ಸಿಲಿಕಾನ್‌ಗೆ ಸೇರಿದ ಅಳತೆ ಎಂದು ನಾನು ಓದಲಾರೆ. ಅಲ್ಲಿ ಬರೆದಿರುವುದು ಮನುಷ್ಯನ ಕಣ್ಣಿನ ಮಿತಿ. ಬೇರೆ ಬಗೆಯ ಕಣ್ಣುಳ್ಳ ಜೀವಿ ಈ ಕೋಡ್ ಬರೆದಿದ್ದರೆ ಭಿನ್ನರಾಶಿಯೇ ಬೇರೆಯಾಗುತ್ತಿತ್ತು.

ಯಂತ್ರಕ್ಕೂ ಅದರದೇ ಹಟಗಳಿವೆ. 1920×1080ರ ಎನ್‌ವಿ12 ಚಿತ್ರಕ್ಕೆ ಲೆಕ್ಕದಂತೆ 3110400 ಬೈಟ್ ಸಾಕು. ಆದರೆ ಅದೇ ಬಫರ್ 16×16 ಚೌಕಗಳಲ್ಲಿ ಕೆಲಸ ಮಾಡುವ ಎನ್‌ಕೋಡರ್‌ಗೆ ಹೋಗಬೇಕಾದರೆ 1080 ಸಾಲು 16ರಿಂದ ಭಾಗವಾಗುವುದಿಲ್ಲ. ಆಗ 1088 ಸಾಲಿಗೆ ಜಾಗ ಇಡಬೇಕು, ಒಟ್ಟು 3133440. ಹೆಚ್ಚುವರಿ 23040 ಬೈಟ್‌ಗಳಲ್ಲಿ ಯಾರೂ ನೋಡುವ ಚಿತ್ರವಿಲ್ಲ, ಆದರೂ ಅವಿಲ್ಲದೆ ಚಿತ್ರ ಮುಂದೆ ಸಾಗುವುದಿಲ್ಲ.

ಬೆಸ ಸಂಖ್ಯೆ ಬಂದಾಗ ಇನ್ನೊಂದು ಬಿಕ್ಕಟ್ಟು. ಅದೇ ಎನ್‌ವಿ12ರಲ್ಲಿ ಅಗಲ 641, ಎತ್ತರ 481 ಎನ್ನಿ. ಪಿಕ್ಸೆಲ್‌ಗಳು 308321, ಅದರ ಒಂದೂವರೆ ಪಟ್ಟು 462481.5. ಅರ್ಧ ಬೈಟ್ ಎಂಬುದಿಲ್ಲ ಎಂದು ಕೊನೆಯ ಅರ್ಧವನ್ನು ಕಳೆದರೆ ಲೆಕ್ಕ ಮುಗಿದಂತೆ ತೋರುತ್ತದೆ. ಆದರೆ ಅಂಚಿನಲ್ಲಿ ಒಂಟಿಯಾಗಿ ಉಳಿದ ಪಿಕ್ಸೆಲ್‌ಗೂ ಬಣ್ಣ ಬೇಕಲ್ಲ? ಅದಕ್ಕಾಗಿ ಬಣ್ಣದ ಪದರ 321×241 ಆಗಬೇಕು, ಬೆಳಕಿನ ಪದರದ ಜೊತೆ ಅಂಥ ಎರಡು ಭಾಗ ಸೇರಿ ಮೊತ್ತ 463043. ಅವಸರದ ಗುಣಾಕಾರ ನುಂಗಿದ್ದು ಅರ್ಧ ಬೈಟನ್ನಲ್ಲ, 562 ಬೈಟ್‌ಗಳನ್ನು.

ಜೋಡಿ ಸಿಗದ ಪಿಕ್ಸೆಲ್ ಎದುರಾದಾಗ ಲೆಕ್ಕವನ್ನು ಮೇಲಕ್ಕೆ ಏರಿಸುವುದು ಈ ಕೆಲಸದ ರೂಢಿ. ಕಾರಣ ಬರಿಯ ಜಾಗ್ರತೆಯಲ್ಲ ಎಂದು ನನ್ನ ನಂಬಿಕೆ. ಹೆಚ್ಚು ಇಟ್ಟರೆ ಒಂದಿಷ್ಟು ಮೆಮೊರಿ ಸುಮ್ಮನೆ ಬಿದ್ದಿರುತ್ತದೆ, ಅದರ ನಷ್ಟ ನಮ್ಮದೇ. ಕಡಿಮೆ ಇಟ್ಟರೆ? ಡಿಎಂಎ ಮೂಲಕ, ಅಂದರೆ ಪ್ರೊಸೆಸರ್‌ನ ನೆರವಿಲ್ಲದೆ ನೇರವಾಗಿ ಮೆಮೊರಿಗೆ ಬರೆಯುವ ಹಾರ್ಡ್‌ವೇರ್‌ಗೆ ಬಫರ್ ಎಲ್ಲಿ ಮುಗಿಯಿತೆಂಬ ಅರಿವು ಸಾಮಾನ್ಯವಾಗಿ ಇರುವುದಿಲ್ಲ, ತನಗೆ ಹೇಳಿದಷ್ಟು ಸಾಲು ಅದು ಬರೆದೇ ಬರೆಯುತ್ತದೆ. ಅದನ್ನು ನಡುವೆ ತಡೆಯುವ ಐಒಎಂಎಂಯು ಎಂಬ ಘಟಕ ಇಲ್ಲದಿದ್ದರೆ ಉಳಿದ ಬೈಟ್‌ಗಳು ಹೋಗಿ ಬೀಳುವುದು ಇನ್ಯಾವುದೋ ಪ್ರೋಗ್ರಾಮಿನ ಮೆಮೊರಿಯಲ್ಲಿ. ನಮ್ಮ ಜಿಪುಣತನಕ್ಕೆ ಬೆಲೆ ತೆರುವುದು ಈ ಚಿತ್ರಕ್ಕೂ ಕ್ಯಾಮೆರಾಕ್ಕೂ ಸಂಬಂಧವೇ ಇಲ್ಲದ ಯಾರೋ, ಅದೂ ಎಷ್ಟೋ ಹೊತ್ತಿನ ಮೇಲೆ, ಕಾರಣವೇ ತಿಳಿಯದಂತೆ. ಅತಿಯಾಸೆಯೂ ಇಲ್ಲಿಗೇ ತಂದು ನಿಲ್ಲಿಸಬಹುದು: 65536×65536 ಚಿತ್ರ ಬೇಕೆಂದು ಕೇಳಿದರೆ 32 ಬಿಟ್‌ನ ಗುಣಾಕಾರದಲ್ಲಿ ಉತ್ತರ ಸೊನ್ನೆ. ಎಲ್ಲಕ್ಕಿಂತ ದೊಡ್ಡ ಚಿತ್ರಕ್ಕೆ ಏನೇನೂ ಜಾಗ ಬೇಡ ಎಂದು ಲೆಕ್ಕ ಹೇಳುತ್ತದೆ. ಅದಕ್ಕೇ ಒಳ್ಳೆಯ ಡ್ರೈವರ್ ಗುಣಿಸುವ ಮೊದಲೇ ಅಗಲ, ಎತ್ತರಗಳನ್ನು ಹಾರ್ಡ್‌ವೇರ್‌ನ ಮಿತಿಯೊಳಗೆ ತರುತ್ತದೆ.

ಎಂಜೆಪೆಗ್‌ನಂಥ ಸಂಕುಚಿತ ನಮೂನೆ ಬಂದಾಗ ಸೂತ್ರವೇ ಕೈಬಿಡುತ್ತದೆ. ಕತ್ತಲ ಕೋಣೆ ಸಣ್ಣ ಗಂಟಾಗಿ ಬರುತ್ತದೆ, ರಥಬೀದಿ ದೊಡ್ಡ ಗಂಟಾಗಿ. ಎಷ್ಟು ಎಲೆ ಬೀಳುತ್ತವೆಂದು ಗೊತ್ತಿಲ್ಲದ ಊಟಕ್ಕೆ ಅಕ್ಕಿ ಅಳೆಯುವ ಹಾಗೆ, ಇದಕ್ಕಿಂತ ಹೆಚ್ಚಾಗಲಾರದು ಎಂಬ ಮೇಲ್ಮಿತಿಯನ್ನಷ್ಟೇ ಡ್ರೈವರ್ ಹೇಳಬಲ್ಲದು. ನಿಜವಾಗಿ ತುಂಬಿದ್ದೆಷ್ಟು ಎಂಬುದು ಚಿತ್ರ ಬಂದ ಮೇಲೆ ಬೈಟ್ಸ್‌ಯೂಸ್ಡ್ ಎಂಬ ಇನ್ನೊಂದು ಸಂಖ್ಯೆಯಲ್ಲಿ ತಿಳಿಯುತ್ತದೆ. ಮುಂಚೆ ಕೊಟ್ಟ ಮಾತು ಒಂದು, ಆಮೇಲಿನ ಅನುಭವ ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಬರೆದಿಡುವ ಪ್ರಾಮಾಣಿಕತೆ ಈ ವಿನ್ಯಾಸದಲ್ಲಿದೆ.

ಇಷ್ಟೆಲ್ಲ ಒಳಗೊಂಡ ಮೇಲೆ ಈ ಲೆಕ್ಕ ಒಬ್ಬರೇ ಕೂತು ಮಾಡುವಂಥದ್ದಾಗಿ ಉಳಿಯುವುದಿಲ್ಲ. ಆ್ಯಪ್ ತನಗೆ ಬೇಕಾದ ಅಗಲ, ಎತ್ತರ, ನಮೂನೆ ಕೇಳುತ್ತದೆ. ಡ್ರೈವರ್ ತನ್ನ ಕೈಲಾಗುವ, ಅದಕ್ಕೆ ಹತ್ತಿರದ ಉತ್ತರ ತುಂಬಿ ಹಿಂದಿರುಗಿಸುತ್ತದೆ. ಆ ಉತ್ತರವನ್ನು ಆ್ಯಪ್ ಓದದೆ ತನ್ನ ಗುಣಾಕಾರವನ್ನೇ ನಂಬಿದರೆ ಏನಾಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. 1366 ಅಗಲದ ವೈಯುವೈವಿ ಸಾಲು 2732 ಬೈಟ್. ಹಾರ್ಡ್‌ವೇರ್ 64ರ ಅಪವರ್ತ್ಯವನ್ನೇ ಬೇಡಿದರೆ 2752. ಆ್ಯಪ್ 2732ರಂತೆ ಓದುತ್ತಾ ಹೋದರೆ ಪ್ರತಿ ಸಾಲೂ ಹಿಂದಿನದಕ್ಕಿಂತ 10 ಪಿಕ್ಸೆಲ್ ಬಲಕ್ಕೆ ಜಾರುತ್ತದೆ. ನೆಟ್ಟಗಿನ ಕಂಬ ನೂರು ಸಾಲು ಇಳಿಯುವಷ್ಟರಲ್ಲಿ ಸಾವಿರ ಪಿಕ್ಸೆಲ್ ವಾಲಿರುತ್ತದೆ. ಬಂದ ಬೈಟ್‌ಗಳಲ್ಲಿ ಒಂದೂ ತಪ್ಪಿರುವುದಿಲ್ಲ. ಡ್ರೈವರ್ ಬೈಟ್ಸ್‌ಪರ್‌ಲೈನ್ ಎಂಬ ಜಾಗದಲ್ಲಿ 2752 ಎಂದು ಬರೆದೇ ಕೊಟ್ಟಿರುತ್ತದೆ, ಸಾಲಿನಿಂದ ಸಾಲಿಗೆ ಅಷ್ಟೇ ದಾಟಿದರೆ ಕಂಬ ನೆಟ್ಟಗಾಗುತ್ತದೆ.