ಪ್ರತ್ಯಕ್ಷದೇವತೆಯ ಕುದುರೆಗಳು

‘ರಾಜಾ ಪ್ರತ್ಯಕ್ಷದೇವತಾ’ ಎಂದು ನುಡಿದ ನಮ್ಮ ಹಿರಿಯರ ಮನಸ್ಸಿನಲ್ಲಿ ಭಕ್ತಿಯೆಷ್ಟಿತ್ತೋ ಭಯವೂ ಅಷ್ಟೇ ಇದ್ದಿರಬೇಕು. ಕಾಣದ ದೇವರು ಹರಕೆ ತಡವಾದರೂ ಸೈರಿಸಿಯಾನು, ಕಾಣುವ ದೇವರಾದರೋ ಕಂದಾಯ ತಪ್ಪಿದ ಮರುದಿನವೇ ಬಾಗಿಲಿಗೆ ಆಳು ಕಳುಹುವನು.

ಈ ಪೂಜೆಯ ವೆಚ್ಚವನ್ನು ಮುಂಗಡವಾಗಿಯೇ ಲೆಕ್ಕ ಹಾಕಿ ಹೇಳಿದವನು ಇಸ್ರಾಯೇಲ್ಯರ ಪ್ರವಾದಿಯಾದ ಸಮುವೇಲನು. ಯೆಹೋವನೊಬ್ಬನೇ ಒಡೆಯನೆಂದು ನಂಬಿ, ಆಪತ್ಕಾಲದಲ್ಲಿ ಮಾತ್ರ ನ್ಯಾಯಸ್ಥಾಪಕರ ಹಿಂದೆ ನಡೆದಿದ್ದ ಆ ಕುಲಗಳ ಹಿರಿಯರು ರಾಮಾ ಎಂಬಲ್ಲಿಗೆ ಬಂದು, ನೆರೆಯ ಜನಾಂಗಗಳಿಗಿದ್ದಂತೆ ತಮಗೂ ಅರಸನೊಬ್ಬನು ಬೇಕೆಂದರು. ಅವರನ್ನು ಮೂಢರೆನ್ನಲು ನನಗೆ ಮನಸ್ಸು ಬಾರದು: ಬೇರ್ಷೆಬದಲ್ಲಿ ನ್ಯಾಯಪೀಠವೇರಿದ್ದ ಸಮುವೇಲನ ಮಕ್ಕಳಿಬ್ಬರೂ ಲಂಚಕೋರರಾಗಿದ್ದರು, ಅವರನ್ನು ಅಲ್ಲಿ ಕೂರಿಸಿದವನು ತಂದೆಯೇ. ಜನರು ತಿರಸ್ಕರಿಸಿದ್ದು ನಿನ್ನನ್ನಲ್ಲ, ನನ್ನನ್ನೆಂದು ನೊಂದು ನುಡಿದ ದೇವರು, ಆದರೂ ಅವರ ಮಾತನ್ನು ನಡೆಸೆಂದನು. ಆಗ ಸಮುವೇಲನು ಪಟ್ಟಿಯನ್ನೋದಿದನು: ಗಂಡುಮಕ್ಕಳು ರಥಕ್ಕೆ, ಹೆಣ್ಣುಮಕ್ಕಳು ಅಡುಗೆಮನೆಗೆ, ಬೆಳೆಯಲ್ಲಿಯೂ ಕುರಿಹಿಂಡಿನಲ್ಲಿಯೂ ಹತ್ತರಲ್ಲೊಂದು ಪಾಲು. ಅವರು ಕೇಳಿದರು, ಕೇಳಿಯೂ ಅರಸನೇ ಬೇಕೆಂದರು.

ಅರಸನು ಕುದುರೆಗಳನ್ನು ಬಹಳವಾಗಿ ಕೂಡಿಸಬಾರದೆಂದು ಇಸ್ರಾಯೇಲ್ಯರ ಧರ್ಮಗ್ರಂಥವಾದ ಧರ್ಮೋಪದೇಶಕಾಂಡ ವಿಧಿಸುತ್ತದೆ. ಮುಂದೆ ಅವರ ಅರಸನಾದ ಸೊಲೊಮೋನನಾದರೋ 1,400 ರಥಗಳನ್ನಿಟ್ಟು, ಐಗುಪ್ತದಿಂದ ಕುದುರೆಯೊಂದಕ್ಕೆ 150 ಬೆಳ್ಳಿಯಂತೆ ತರಿಸಿದನು.

ಭಟ್ಕಳದವರಿಗೆ ಈ ವಿಧಿಯ ಮರ್ಮ ಬೇಗ ತಿಳಿದೀತು. ಹಾಡುವಳ್ಳಿಯ ಸಾಳುವರು ಆಳಿದ ಈ ಬಂದರಿನಲ್ಲಿ ಅರಬ್ಬೀ ಕುದುರೆಗಳಿಳಿದು ಘಟ್ಟವೇರಿ ವಿಜಯನಗರಕ್ಕೆ ಹೋಗುತ್ತಿದ್ದುವು. ಅಕ್ಕಿ, ಸಕ್ಕರೆ, ಕಬ್ಬಿಣ, ಮೆಣಸು ಹಡಗೇರುತ್ತಿದ್ದುವು. ಅತ್ತ ಹಂಪೆಯ ಅರಸರು ತಮ್ಮ ತಾಮ್ರಶಾಸನಗಳ ಕೊನೆಗೆ ಸ್ವನಾಮವನ್ನು ಬರೆಯದೆ ಕನ್ನಡ ಲಿಪಿಯಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಅಂಕಿತವಿಡಿಸಿದರು. ಒಡೆಯನು ದೇವರು, ತಾವು ಕಾರ್ಯಕರ್ತರು ಎಂಬ ಭಾವ. ವಿನಯವೇ ಸರಿ, ಅದನ್ನು ಕಪಟವೆನ್ನಲಾರೆ. ಆದರೆ ಅಂಕಿತಕ್ಕೆ ವೆಚ್ಚವಿಲ್ಲ, ಲಾಯಕ್ಕಿದೆ. ವಿರೂಪಾಕ್ಷನ ವಾಹನವಾದ ನಂದಿಗೆ ಹೊರನಾಡಿನಿಂದ ಏನನ್ನೂ ತರಿಸಬೇಕಾಗಿರಲಿಲ್ಲ.

ಸೊಲೊಮೋನನ ಮಗನಾದ ರೆಹಬ್ಬಾಮನಲ್ಲಿ ನೊಗವನ್ನು ಹಗುರಗೊಳಿಸೆಂದು ಬೇಡಿದ ಪ್ರಜೆಗಳಿಗೆ ಬಿರುನುಡಿಯೇ ಉತ್ತರವಾಗಿ ಬಂದಾಗ, ಹತ್ತು ಕುಲಗಳು ಸಿಡಿದು ಬೇರೆಯಾದುವು. ಹಾಗೆ ಹೊರಟವರು ಸಮುವೇಲನ ಮಾತನ್ನು ನೆನೆದರೆಂದು ಎಲ್ಲಿಯೂ ಬರೆದಿಲ್ಲ. ಯಾರೊಬ್ಬಾಮನೆಂಬವನನ್ನು ಕರೆಯಿಸಿ ಅವನಿಗೆ ಪಟ್ಟ ಕಟ್ಟಿದರು.