ಅತ್ತೆ ಎಲ್ಲಿ ಕೂರಬೇಕು?

ಮೈಸೂರಿನಲ್ಲಿ ನನಗೆ ಬೇಕಾದ ದಂಪತಿ ಹೊಸ ಫ್ಲ್ಯಾಟ್ ಕೊಂಡರು. ಹಾಲ್ ಹೇಗಿರಬೇಕು ಎಂಬಲ್ಲಿ ಮನಸ್ತಾಪ ಹತ್ತಿತು. ಗಂಡನಿಗೆ ಸ್ಕ್ಯಾಂಡಿನೇವಿಯನ್ ಶೈಲಿ ಬೇಕು: ಬಿಳಿ ಗೋಡೆ, ತಿಳಿ ಬಣ್ಣದ ಮರ, ತಗ್ಗಾದ ಸೋಫಾ, ಉಣ್ಣೆಯ ನೆಲಹಾಸು. ಹೆಂಡತಿಗೆ ತೊಟ್ಟಿಮನೆಯ ಗುಂಗು: ರೆಡ್ ಆಕ್ಸೈಡ್ ನೆಲ, ಕೆತ್ತನೆಯ ಕಂಬ, ಹಿತ್ತಾಳೆ ದೀಪ, ಗೇಣೆತ್ತರದ ದಿವಾನ.

ಅವನದು ಪರದೇಶದ ನಕಲು, ಅವಳದು ನಮ್ಮತನ ಎಂದವರಿದ್ದರು. ನಾನು ಒಪ್ಪಲಿಲ್ಲ. ಎರಡರ ಮೂಲವನ್ನೂ ನೋಡಿ. ಸ್ವೀಡನ್ನಿನ ಸುಂಡ್‌ಬಾರ್ನ್ ಹಳ್ಳಿಯಲ್ಲಿ ಚಿತ್ರಕಾರ ಕಾರ್ಲ್ ಲಾರ್ಸನ್ ಮತ್ತು ಕಾರಿನ್ ದಂಪತಿಗೆ 1888ರಲ್ಲಿ ಕಾರಿನ್‌ಳ ತಂದೆ ಒಂದು ಪುಟ್ಟ ಮನೆ ಕೊಟ್ಟರು. ಉಳ್ಳವರ ಮನೆಗಳಲ್ಲಿ ಕಡುಬಣ್ಣದ ಪೀಠೋಪಕರಣ, ದಪ್ಪ ಪರದೆಗಳು ಮೆರೆಯುತ್ತಿದ್ದ ಕಾಲವದು. ಕಾರಿನ್ ತಾನೇ ಬಟ್ಟೆ ನೇಯ್ದಳು, ಪೀಠೋಪಕರಣ ರೂಪಿಸಿದಳು, ಮಕ್ಕಳು ಓಡಾಡುವ ಬೆಳಕಿನ ಮನೆ ಮಾಡಿದಳು. ಕಾರ್ಲ್ ಆ ಮನೆಯ ಜಲವರ್ಣ ಚಿತ್ರಗಳನ್ನು 1899ರಲ್ಲಿ ಪುಸ್ತಕವಾಗಿ ತಂದ. ಸ್ವೀಡನ್ನಿನ ಗೃಹಾಲಂಕಾರದ ಅಭಿರುಚಿಯನ್ನೇ ಅದು ತಿದ್ದಿತು. ಚಳಿಗಾಲದಲ್ಲಿ ಸೂರ್ಯ ಕೆಲವೇ ಗಂಟೆ ಇಣುಕುವ ನಾಡಿನಲ್ಲಿ ತಿಳಿಬಣ್ಣ ಶೋಕಿಯಲ್ಲ. ನಮ್ಮ ತೊಟ್ಟಿಯೂ ಅಷ್ಟೆ. ಕೂಡುಕುಟುಂಬದ ಮನೆಯ ನಡುವಿಗೆ ಗಾಳಿ, ಬೆಳಕು ತರಲು ತೆರೆದ ಜಾಗ ಅದು. ನಾಲ್ಕನೇ ಮಹಡಿಯಲ್ಲಿ ಸೂರು ಹೊರದ ಕಂಬ ನಿಲ್ಲಿಸಿದರೆ ತೊಟ್ಟಿಮನೆಯಾಗದು.

ಎರಡೂ ಶೈಲಿ ಹುಟ್ಟಿದ್ದು ಮನೆಯೊಳಗಿನ ಜನರ ಬೇಕು ಬೇಡಗಳಿಂದ. ಮೈಸೂರಿನ ದಂಪತಿ ಬಿಟ್ಟದ್ದು ಅದನ್ನೇ.

ಗಂಡನ ತಾಯಿಯೂ ಆ ಮನೆಯಲ್ಲೇ ಇದ್ದಾರೆ. ಮೊಣಕಾಲು ನೋವು. ತಗ್ಗಾದ ಸೋಫಾದಿಂದಾಗಲಿ ದಿವಾನದಿಂದಾಗಲಿ ಏಳಲಾರರು. ನೆಲಹಾಸಿನ ಅಂಚು ಕಾಲಿಗೆ ತೊಡರಿದರೆ ಬಿದ್ದಾರು. “ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡ್ಕೊಳ್ಳಿ” ಎಂದಿದ್ದರು. ಮಗ, ಸೊಸೆ ಅದನ್ನು ಒಪ್ಪಿಗೆಯೆಂದು ತಿಳಿದರು. ನನ್ನ ದೃಷ್ಟಿಯಲ್ಲಿ ತಪ್ಪಾದದ್ದು ಇಲ್ಲಿ, ಬಣ್ಣದ ಆಯ್ಕೆಯಲ್ಲಲ್ಲ. ಮಕ್ಕಳ ಮನೆಯಲ್ಲಿ ಹಿರಿಯರು ತಮ್ಮ ಬೇಕನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಅವರಿಗೆ ಏನು ಬೇಕೆಂದು ಕಂಡುಕೊಳ್ಳುವ ಹೊಣೆ ಕಿರಿಯರದು.

ಕೊನೆಗೆ ಗಮನಿಸಿದವಳು ಸೊಸೆ. ಅತ್ತೆ ಇಡೀ ಸಂಜೆ ಊಟದ ಮೇಜಿನ ಕುರ್ಚಿಯಲ್ಲೇ ಕೂರುತ್ತಿದ್ದರು, ಏಕೆಂದರೆ ಕೈ ಊರಿ ಏಳಲು ಆಗುತ್ತಿದ್ದುದು ಅಲ್ಲಿ ಮಾತ್ರ. ಈಗ ಕಿಟಕಿಯ ಬಳಿ ಕೈಯಿರುವ ಎತ್ತರದ ಕುರ್ಚಿ ಬಂದಿದೆ. ಅದು ಎರಡು ಶೈಲಿಗೂ ಹೊಂದುವುದಿಲ್ಲ. ಆ ಮನೆಯಲ್ಲಿ ಸರಿಯಾಗಿ ಆಯ್ದ ಮೊದಲ ವಸ್ತು ಅದೇ.

ಬಡಗಿಯನ್ನು ಅಳತೆಗೆ ಕರೆಸುವ ದಿನ ಮನೆಯ ಹಿರಿಯರನ್ನೂ ಜೊತೆಗೆ ಕೂರಿಸಿಕೊಳ್ಳಿ. ಅವರಿಗೆ ಸಲೀಸಾಗಿ ಏಳಲು ಬರುವ ಎತ್ತರವನ್ನು ಮೊದಲು ಬರೆಸಿ.